ಸಾಕು ಅಕ್ಕನ ಸ್ಟ್ಯಾಂಡು

ನನ್ನ ಹೆಂಡತಿಯ ಹೆಸರು ಕೌಸಲ್ಯಾ. ಆದರೆ ಚೆನ್ನೈನ ಅರ್ಧ ಮದುವೆ ಛತ್ರಗಳಲ್ಲಿ ಅವಳು ಸಾಕು ಅಕ್ಕ. ತಪ್ಪು ನನ್ನದೇ. ಇಪ್ಪತ್ತೆರಡು ವರ್ಷ ನಾನು ಫೋಟೋ, ವಿಡಿಯೋ ತೆಗೆದೆ, ಅವಳು ಎದುರಿಗೆ ನಿಂತು ರಿಫ್ಲೆಕ್ಟರ್ ಹಿಡಿದಳು. ಕಿಟಕಿಯಿಂದ ಬರುವ ಬೆಳಕನ್ನು ಆ ಬೆಳ್ಳಿ ಬಣ್ಣದ ದುಂಡು ಬಟ್ಟೆಯಿಂದ ಮದುಮಗಳ ಮುಖಕ್ಕೆ ತಿರುಗಿಸುವುದು ಅವಳ ಕೆಲಸ. ತಮಿಳರ ಮದುವೆಯಲ್ಲಿ ನಮ್ಮಿಬ್ಬರ ಮಾತೆಲ್ಲ ಕನ್ನಡದಲ್ಲಿ, ಗಿರಾಕಿಗಳಿಗೆ ತಿಳಿಯದಿರಲಿ ಎಂದು. "ಎತ್ತು" ಅಂದರೆ ಎತ್ತುವಳು, "ಸಾಕು" ಅಂದರೆ ಇಳಿಸುವಳು. ದಿನಕ್ಕೆ ಮುನ್ನೂರು ಸಲ ಸಾಕು, ಸಾಕು ಎಂದು ಕೂಗಿದರೆ ಜನ ಏನಂದುಕೊಳ್ಳಬೇಕು? ಅದೇ ಅವಳ ಹೆಸರು ಎಂದುಕೊಂಡರು. "ಸಾಕು ಅಕ್ಕಾ, ಸಾಪ್ಟೀಂಗಳಾ?" ಎಂದು ಊಟ ವಿಚಾರಿಸುವರು. ತಿದ್ದಲು ಹೋದರೆ ಅವಳೇ ನನ್ನನ್ನು ತಡೆಯುವಳು.

"ಇರ್ಲಿ ಬಿಡ್ರೀ. ನಮ್ಮಪ್ಪ ಇಟ್ಟ ಹೆಸರನ್ನ ನೀವು ಯಾವತ್ತು ದಿನಕ್ಕೆ ಮುನ್ನೂರು ಸಲ ಕರೆದಿದ್ದೀರಿ?"

ಹೋದ ವರ್ಷ ಆ ಬೆಳಕು ಅಲುಗಾಡತೊಡಗಿತು. ವಿಡಿಯೋದಲ್ಲಿ ಹೆಣ್ಣಿನ ಕೆನ್ನೆಯ ಮೇಲೆ ಬೆಳಕು ನಡುಗುತ್ತಿತ್ತು. ನನಗೋ ಕೋಪ ಮೂಗಿನ ತುದಿಯಲ್ಲೇ. ಒಂದು ಸೀಮಂತದಲ್ಲಿ, ಅಷ್ಟು ಹೆಂಗಸರ ಎದುರಿಗೆ, "ಒಂದು ತಟ್ಟೆ ನೆಟ್ಟಗೆ ಹಿಡಿಯೋಕಾಗಲ್ವಾ ನಿಂಗೆ? ಮನೆಗೆ ಹೋಗಿ ಮಲಗು" ಎಂದುಬಿಟ್ಟೆ. ಅವಳು ಮೊಣಕೈಯನ್ನು ಸೊಂಟಕ್ಕೆ ಒತ್ತಿಕೊಂಡು ಸಂಜೆಯವರೆಗೆ ನಿಂತಳು.

ಮೂರು ವಾರದ ಮೇಲೆ ಡಾಕ್ಟರು ಆ ನಡುಕಕ್ಕೆ ಒಂದು ಹೆಸರು ಹೇಳಿದರು. ವಾಸಿಯಾಗುವುದಲ್ಲ, ಮಾತ್ರೆಯಿಂದ ಒಂದಿಷ್ಟು ತಡೆಯಬಹುದು, ಅಷ್ಟೇ ಎಂದರು. ನನಗೆ ಆ ಮೊಣಕೈ ನೆನಪಾಯಿತು. ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುವ ಹಾಗಿದ್ದರೆ ನಾಲಿಗೆಯನ್ನೇ ಕೊಟ್ಟುಬಿಡುತ್ತಿದ್ದೆ.

ಆದರೂ ಅವಳು ಕೆಲಸ ಬಿಡಲಿಲ್ಲ. "ಮಾತ್ರೆ ತಗೊಂಡ್ರೆ ನಿಲ್ಲತ್ತೆ ರೀ" ಎಂದು ಎಂಟು ತಿಂಗಳು ಬಂದಳು. ನಡುಕ ನಿಲ್ಲಲಿಲ್ಲ. ಕಳೆದ ತಿಂಗಳು ಒಬ್ಬ ಗಿರಾಕಿ ವಿಡಿಯೋವನ್ನೇ ಬೇಡವೆಂದು ಹಿಂದಿರುಗಿಸಿದ. ನಾಳೆಯಿಂದ ನೀನು ಬರಬೇಡ ಎಂದು ಅವಳಿಗೆ ಯಾರಾದರೂ ಹೇಳಲೇಬೇಕಿತ್ತು. ಮಗಳು ಹರಿಪ್ರಿಯಾಳನ್ನು ಕೇಳಿಕೊಂಡೆ. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರಿಸುವ ಹುಡುಗಿ ಅದು. "ಅಪ್ಪಾ, ಅದು ನೀಂಗದಾನ್ ಸೊಲ್ಲಣುಂ" ಎಂದಳು. ನೀವೇ ಹೇಳಬೇಕು. ಮೂರು ದಿನ ಬಾಯಿ ತೆರೆದು ತೆರೆದು ಮುಚ್ಚಿದೆ. ನಾಲ್ಕನೆಯ ದಿನ ಸುಳ್ಳು ಹೇಳಿದೆ.

"ಫ್ಲ್ಯಾಶ್ ಲೈಟಿಗೆ ಒಂದು ಸ್ಟ್ಯಾಂಡು ಬೇಕು. ಇಲ್ಲೇ ಪ್ಯಾರಿಸ್ ಬಜಾರಿಗೆ ಹೋಗಿ ಬರ್ತೀನಿ."

"ನಾನೂ ಬರ್ತೀನಿ ಇರಿ. ನಿಮಗೆ ಯಾರು ಬೇಕಾದ್ರೂ ಟೋಪಿ ಹಾಕ್ತಾರೆ" ಎಂದು ಚಪ್ಪಲಿ ಮೆಟ್ಟಿಕೊಂಡಳು.

ಕ್ರೋಂಪೇಟೆಯಿಂದ ಬೀಚ್ ಸ್ಟೇಷನ್‌ವರೆಗೆ ರೈಲು, ಅಲ್ಲಿಂದ ಐದು ನಿಮಿಷದ ನಡಿಗೆ. ಕ್ಯಾಮೆರಾ ಅಂಗಡಿಯ ಅರವಿಂದ್ ನಮ್ಮ ಹಳೆಯ ಪರಿಚಯ. ನಾನು ಸ್ಟ್ಯಾಂಡು ಎಂದ ತಕ್ಷಣ ಎರಡನ್ನು ತಂದಿಟ್ಟ. ಒಂದು ಕಡ್ಡಿಯಂಥ ಅಲ್ಯೂಮಿನಿಯಂ, ತೀರಾ ಅಗ್ಗ. ಇನ್ನೊಂದು ಸಿನಿಮಾದವರು ಬಳಸುವ ಉಕ್ಕಿನದು, ಅದರ ಬೆಲೆ ಕೇಳಿ ಸುಮ್ಮನೆ ಪಕ್ಕಕ್ಕಿಟ್ಟೆ. ಆಗ ಅವನು ಅದು ಯಾವುದಕ್ಕೆ ಎಂದು ನೇರವಾಗಿ ಕೇಳಿಬಿಟ್ಟ.

"ರಿಫ್ಲೆಕ್ಟರುಕ್ಕಾ ಸಾರ್?"

ನಾನು ತಲೆಯ ಮೇಲಿನ ಫ್ಯಾನ್ ನೋಡಿದೆ. ಕೌಸಲ್ಯಾ ನನ್ನನ್ನು ನೋಡಿದಳು. ಇಪ್ಪತ್ತೆರಡು ವರ್ಷ ನನ್ನ ಎದುರಿಗೇ ನಿಂತವಳಿಗೆ ನನ್ನ ಮುಖ ಓದುವುದು ಎಷ್ಟು ಹೊತ್ತಿನ ಕೆಲಸ? ಅವಳು ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದು ಅರವಿಂದನಿಗೆ ತಮಿಳಿನಲ್ಲಿ ಹೇಳಿದಳು.

"ಆ ಕಡ್ಡಿ ಸ್ಟ್ಯಾಂಡಿಗೆ ಒಂದು ರಿಫ್ಲೆಕ್ಟರ್ ಸಿಕ್ಕಿಸಪ್ಪ. ಆ ನಿಲ್ಲೋ ಫ್ಯಾನ್ ಇದೆಯಲ್ಲ, ಅದನ್ನ ಹಾಕು."

ಗಾಳಿ ಬಡಿದದ್ದೇ ತಡ, ಕಡ್ಡಿ ಸ್ಟ್ಯಾಂಡು ರಿಫ್ಲೆಕ್ಟರ್ ಸಮೇತ ಅಡ್ಡ ಬಿತ್ತು.

"ನೋಡಿದ್ರಾ? ಗಾಳಿ ಬಂದ್ರೆ ಈ ಬಟ್ಟೆ ಉಬ್ಬತ್ತೆ. ಭಾರ ಕೈಗೆ ಬರೋದಲ್ಲ ರೀ, ಪಾದಕ್ಕೆ ಬರೋದು. ಬೆಸೆಂಟ್ ನಗರ್ ಬೀಚಿನಲ್ಲಿ ನಾನು ಕಾಲು ಅಗಲಿಸಿ ನಿಲ್ತಿದ್ದೆನಲ್ಲ, ಯಾಕೆ ಅಂದುಕೊಂಡಿದ್ರಿ?"

ನಾನು ಏನೂ ಅಂದುಕೊಂಡಿರಲಿಲ್ಲ. ಒಂದು ದಿನವೂ ಅವಳ ಪಾದ ನೋಡಿರಲಿಲ್ಲ. ನನ್ನ ಕಣ್ಣು ಯಾವಾಗಲೂ ಅವಳು ಬೆಳಕು ಬೀರಿದ ಬೇರೆಯವರ ಮುಖದ ಮೇಲಿರುತ್ತಿತ್ತು.

ಕೊನೆಗೆ ಒಳಗಿನಿಂದ ಮಧ್ಯಮ ಬೆಲೆಯದೊಂದು ಬಂತು. ಕಾಲುಗಳು ಅಗಲಕ್ಕೆ ಚಾಚುತ್ತಿದ್ದವು. ತಿರುಪುಗಳು ಪ್ಲಾಸ್ಟಿಕ್ಕಲ್ಲ, ಲೋಹ. ರಿಫ್ಲೆಕ್ಟರನ್ನು ಎರಡೂ ತುದಿಗೆ ಕಚ್ಚಿ ಹಿಡಿಯುವ ಉದ್ದ ತೋಳು, ಕಾಲಿಗೆ ತೂಗುಹಾಕಲು ಮರಳು ತುಂಬುವ ಚೀಲ. ಅವಳೇ ತಿರುಪು ಬಿಗಿದಳು. ಬೆರಳು ನಡುಗಿ ಬಳೆ ಕಂಬಕ್ಕೆ ತಾಗಿ ಕಿಣಿಕಿಣಿ ಎನ್ನುತ್ತಿತ್ತು. ನಾನು ಕೈ ಚಾಚಿದೆ. "ಬಿಡಿ, ನಾನೇ ನೋಡ್ತೀನಿ" ಎಂದಳು. ಮತ್ತೆ ಫ್ಯಾನ್ ಹಾಕಿಸಿದಳು. ಸ್ಟ್ಯಾಂಡು ಕದಲಲಿಲ್ಲ. ಅದರ ತೋಳನ್ನು ಒಂದು ಸಲ ಅಂಗೈಯಿಂದ ಸವರಿದಳು.

"ಇದು ಸಾಕು" ಎಂದಳು.

ಅರವಿಂದ್ ನಕ್ಕ. "ಎನ್ನಕ್ಕಾ, ಉಂಗ ಪೇರೇ ಅದುಕ್ಕು ವೆಚ್ಚಿಟ್ಟೀಂಗಳಾ?" ನಿಮ್ಮ ಹೆಸರನ್ನೇ ಅದಕ್ಕೆ ಇಟ್ಟುಬಿಟ್ಟಿರಾ ಎಂದು ಕೇಳುತ್ತಿದ್ದ, ಪಾಪ. ಅವಳೂ ನಕ್ಕಳು. ನಾನು ರಸೀದಿ ಪುಸ್ತಕ ನೋಡುವ ಹಾಗೆ ತಲೆ ತಗ್ಗಿಸಿದೆ.

ರೈಲಿನಲ್ಲಿ ಸ್ಟ್ಯಾಂಡನ್ನು ಮಂಡಿಗಳ ನಡುವೆ ನಿಲ್ಲಿಸಿಕೊಂಡು ಕೂತಳು.

"ಸುಳ್ಳು ಯಾಕೆ ಹೇಳಿದ್ರಿ?"

"ಧೈರ್ಯ ಸಾಲಲಿಲ್ಲ ಕಣೇ."

"ಬೈಯೋಕೆ ಇತ್ತಲ್ಲ."

ತಪ್ಪಾಯಿತು ಎಂದೆ, ರೈಲಿನ ಸದ್ದಿನಲ್ಲಿ ಅವಳಿಗೆ ಕೇಳಿಸಿತೋ ಇಲ್ಲವೋ. ಗಿಂಡಿ ಸ್ಟೇಷನ್ ದಾಟಿದ ಮೇಲೆ ಅವಳು ಮರಳಿನ ಚೀಲ ಬಿಡಿಸಿ ನೋಡಿದಳು. ಆಮೇಲೆ, "ಚೀಲಕ್ಕೆ ಮರಳು ನಾನೇ ತುಂಬ್ತೀನಿ. ನೀವು ಅರ್ಧ ತುಂಬಿ ಬಿಟ್ಬಿಡ್ತೀರಿ" ಎಂದಳು.

ಮುಂದಿನ ಭಾನುವಾರ ಅಣ್ಣಾ ನಗರದ ಛತ್ರದಲ್ಲಿ ಮದುವೆ. ಅವಳೂ ಬಂದಳು. ನೋಡೋಕೆ ಬಂದೆ ಎಂದು ಮೂರನೆಯ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು. ಮದುಮಗಳ ಮುಖದ ಮೇಲೆ ಬೆಳಕು ಕಲ್ಲಿನ ಹಾಗೆ ನಿಂತಿತ್ತು, ಒಂದಿಷ್ಟೂ ಅಲ್ಲಾಡಲಿಲ್ಲ. ವರ್ಷದಿಂದ ಅಂಥ ಫೋಟೋ ತೆಗೆದಿರಲಿಲ್ಲ. ಅದನ್ನು ನೋಡಿ ನನಗೆ ಸಂತೋಷವಾಗಲಿಲ್ಲ. ಕ್ಯಾಮೆರಾ ಇಳಿಸುತ್ತಾ, ಇಪ್ಪತ್ತೆರಡು ವರ್ಷದ ಅಭ್ಯಾಸ, ಬಾಯಿ ತಾನಾಗಿ ಕೂಗಿತು.

"ಸಾಕು."

ಸ್ಟ್ಯಾಂಡು ಹಾಗೇ ನಿಂತಿತ್ತು. ನಾನು ತಿರುಗಿ ನೋಡಿದೆ. ಮೂರನೆಯ ಸಾಲಿನಲ್ಲಿ ಕೌಸಲ್ಯಾಳ ಎರಡೂ ಕೈಗಳು ಎದೆಯ ಮಟ್ಟಕ್ಕೆ ಎದ್ದಿದ್ದವು, ಖಾಲಿ, ನಡುಗುತ್ತ. ಯಾವಾಗ ಎತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ನನ್ನ ಮಾತು ಕೇಳಿ ಅವನ್ನು ಮೆಲ್ಲಗೆ ಮಡಿಲಿಗೆ ಇಳಿಸಿದಳು.