ಒದ್ದೆ ಬನಿಯನ್

"ಬಿಚ್ಚು," ಎಂದಳು ಬ್ರೆಡಾ.

"ಇಲ್ಲೇನಾ?"

"ಇಲ್ಲೇ. ಬೆನ್ನು ಮುಟ್ಟಿ ನೋಡ್ಕೊ, ಹಿಂಡದೆ ಒಣಹಾಕಿದ ಬಟ್ಟೆ ಥರ ಆಗಿದೆ. ಇದರ ಮೇಲೆ ಗಾಳಿ ಹೊಡೆದ್ರೆ ನಾಳೆ ಸೊಂಟ ಹಿಡ್ಕೊಂಡು ನನ್ನ ಅಂಗಡಿ ಬಾಗಿಲಿಗೇ ಬರ್ತೀಯ."

ತಿಲೆನ್ ಸುತ್ತ ನೋಡಿದ. ಬೆಟ್ಟದ ತುದಿಯಲ್ಲಿ ಇದ್ದವರು ಮೂರೇ ಜನ. ಅವನು, ಅವನ ಅತ್ತೆಯಾಗಲಿರುವ ಬ್ರೆಡಾ, ಮತ್ತು ಕೆಂಪು ಟೊಪ್ಪಿಯ ಒಬ್ಬ ಅಪರಿಚಿತ ಮುದುಕ. ಮುದುಕ ಆಗಲೇ ಅಂಗಿ ಕಳಚಿ, ಬರಿಮೈಯಲ್ಲಿ ನಿಂತು, ಒಣ ಬನಿಯನ್ನಿನ ತೋಳು ಯಾವುದು ಕತ್ತು ಯಾವುದು ಎಂದು ಹುಡುಕುತ್ತಿದ್ದ. ಬೋಹಿನ್ ಕಣಿವೆಯವರಿಗೆ ಶಿಖರ ಮುಟ್ಟಿದ ಮೇಲೆ ಮೊದಲ ಕೆಲಸ ಅದು. ಕೈಕುಲುಕುವುದು, ಫೋಟೊ, ಫ್ಲಾಸ್ಕಿನ ಚಹಾ, ಎಲ್ಲ ಆಮೇಲೆ. ಮನುಷ್ಯನ ಅರ್ಧ ಕಾಯಿಲೆಗಳು ಬೆನ್ನಿಗೆ ಬಡಿದ ಗಾಳಿಯಿಂದ ಬರುತ್ತವೆ ಎಂದು ಇಲ್ಲಿ ಎಲ್ಲರೂ ನಂಬುತ್ತಾರೆ. ಔಷಧದಂಗಡಿಯಲ್ಲಿ ಆಯುಷ್ಯ ಕಳೆದ ಬ್ರೆಡಾ, ಉಳಿದ ಅರ್ಧವೂ ಅಲ್ಲಿಂದಲೇ ಬರುತ್ತದೆ ಎಂದು ನಂಬಿದ್ದಳು.

"ಊಟ ಆದ್ಮೇಲೆ ಒಂದು, ಮಲಗೋ ಮುಂಚೆ ಒಂದು, ಮಧ್ಯೆ ಗಾಳಿಗೆ ಹೋಗೋ ಹಾಗಿಲ್ಲ," ಎಂದ ತಿಲೆನ್, ಥೇಟ್ ಬ್ರೆಡಾಳದೇ ದನಿಯಲ್ಲಿ. ಕನ್ನಡಕದ ಮೇಲಿಂದ ನೋಡುವ ನೋಟವನ್ನು ಕೂಡ ಬಿಟ್ಟಿರಲಿಲ್ಲ. ಮುದುಕ ಬನಿಯನ್ನಿನೊಳಗಿಂದಲೇ ನಕ್ಕ.

ಬ್ರೆಡಾ ನಗಲಿಲ್ಲ. ಈ ಹುಡುಗನ ಕಸುಬೇ ಅದು. ರೇಡಿಯೋದಲ್ಲಿ ಜಾಹೀರಾತುಗಳಿಗೆ ದನಿ ಕೊಡುತ್ತಿದ್ದ. ಮಾತಾಡುವ ಸಾಸೇಜು, ಅಳುವ ಕಾರ್ ಬ್ಯಾಟರಿ, ಬೆಣ್ಣೆಯನ್ನು ಪ್ರೀತಿಸುವ ಅಜ್ಜಿ, ಎಲ್ಲ ಅವನೇ. ಮಗಳು ನೇಜಾ ಎರಡು ವರ್ಷದ ಹಿಂದೆ ಅವನನ್ನು ಮನೆಗೆ ಕರೆತಂದಾಗ, ಅವನು ಮೇಜಿನ ಮುಂದೆ ಕೂತು ಮೊದಲು ಸಾಸೇಜಾಗಿ ಮಾತಾಡಿದ್ದ. ಅಂದಿನಿಂದ ಬ್ರೆಡಾಳ ಬಾಯಲ್ಲಿ ಅವನು 'ನಿನ್ನ ನಾಟಕದವನು'. ನಾಟಕದವನಿಗೆ ಶೀತ ಆಯ್ತಾ, ನಾಟಕದವನು ಊಟಕ್ಕೆ ಬರ್ತಾನಾ, ಹೀಗೆ. ಜೂನ್‌ನಲ್ಲಿ ಮದುವೆ ಗೊತ್ತಾಗಿತ್ತು. ಇವತ್ತು ಮೂವರೂ ಒಟ್ಟಿಗೆ ಹತ್ತುವ ಮಾತಿತ್ತು. ನೇಜಾ ಮೊಣಕಾಲು ಉಳುಕಿಸಿಕೊಂಡು ಬೆಟ್ಟದ ಬುಡದ ಹೋಟೆಲಿನಲ್ಲಿ ಉಳಿದಿದ್ದಳು. "ಹೋಗಿಬನ್ನಿ, ಒಬ್ಬರನ್ನೊಬ್ಬರು ತಿನ್ನಬೇಡಿ," ಎಂದು ಕಳಿಸಿದ್ದಳು.

ಹೋಟೆಲಿನ ಬಾಗಿಲಲ್ಲಿ "ಬ್ರೆಡಾ ಮೇಡಂ, ನೀವು ಮುಂದೆ" ಎಂದಿದ್ದ ಹುಡುಗ, ಸಾವಿರ ಮೀಟರ್ ದಾಟುತ್ತಲೇ "ಬ್ರೆಡಾ, ಸ್ವಲ್ಪ ನಿಲ್ಲು, ನಿನಗೆ ಶ್ವಾಸಕೋಶ ಎಷ್ಟು?" ಎಂದು ಶುರುಮಾಡಿದ್ದ. ಅದು ಪದ್ಧತಿಯೇ. ಅಷ್ಟು ಎತ್ತರದಲ್ಲಿ ಮಂತ್ರಿಯೂ ಪಾದ್ರಿಯೂ 'ನೀನು'. ಆದರೂ ಇವನು ಆ ಗೆರೆ ಬರುವುದನ್ನೇ ಕಾದು ಕೂತಿದ್ದ ಹಾಗಿತ್ತು.

ತಿಲೆನ್ ಜಾಕೆಟ್ ಬಿಚ್ಚಿದ. ಒಳಗೆ, ಬನಿಯನ್ನಿನ ಮೇಲೆ, ಎದೆಗೆ ಅಡ್ಡ ಪಟ್ಟಿಯಲ್ಲಿ ಕಟ್ಟಿದ ಅಂಗೈಯಗಲದ ಪೆಟ್ಟಿಗೆಯಿತ್ತು. ಇಲ್ಲಿನವರು ಅದನ್ನು ಮರಕುಟಿಗ ಎನ್ನುತ್ತಾರೆ. ತೊಟ್ಟವನು ಹಿಮದಡಿ ಸಿಕ್ಕಿಬಿದ್ದರೂ ಅದು ಕುಟುಕುತ್ತಲೇ ಇರುತ್ತದೆ. ಹೊರಗಿನವರು ತಮ್ಮದನ್ನು 'ಹುಡುಕು' ಎಂಬಲ್ಲಿಗೆ ತಿರುಗಿಸಿದರೆ ಟಕ್ ಟಕ್ ಎಂಬ ಸದ್ದೂ, ಅವನಿಗೂ ತಮಗೂ ನಡುವೆ ಎಷ್ಟು ದೂರ ಎಂಬ ಅಂಕಿಯೂ ಬರುತ್ತದೆ. ಪ್ರತಿ ಚಳಿಗಾಲ ಊರಿನ ಕ್ಲಬ್ಬಿನಲ್ಲಿ ಅದರ ಪಾಠ ಹೇಳುತ್ತಿದ್ದವಳು ಬ್ರೆಡಾ. ಬೆಳಿಗ್ಗೆ ಹೋಟೆಲಿನ ಬಾಗಿಲಲ್ಲಿ ತಿಲೆನ್ನನ ಎದೆಗೆ ತನ್ನ ಪೆಟ್ಟಿಗೆ ಹಿಡಿದು, ಕುಟುಕುತ್ತಿದೆ ಎಂದು ಖಾತ್ರಿ ಮಾಡಿಕೊಂಡೇ ಹೊರಗೆ ಬಿಟ್ಟಿದ್ದಳು.

ಈಗ ಅವನು ಪಟ್ಟಿ ಕಳಚಿ, ಪೆಟ್ಟಿಗೆ ಹಿಮಕ್ಕೆ ಬೀಳದಿರಲೆಂದು ಬೆನ್ನುಚೀಲದ ಮೇಲಿನ ಜೇಬಿಗೆ ತುರುಕಿದ. ಒದ್ದೆ ಬನಿಯನ್ನನ್ನೂ ಅದರ ಮೇಲೆಯೇ ಅದುಮಿದ. ಒಣದು ತೊಟ್ಟ, ಜಾಕೆಟ್ ಏರಿಸಿದ, ಜಿಪ್ ಎಳೆದ. ಬ್ರೆಡಾ ತೃಪ್ತಿಯಿಂದ ಅವನ ಬೆನ್ನು ತಟ್ಟಿ ನೋಡಿದಳು. ಫ್ಲಾಸ್ಕಿನಿಂದ ಮೂವರಿಗೂ ಚಹಾ ಬಗ್ಗಿಸಿದಳು. ತಿಲೆನ್ ಸಾಕು ಎಂದರೂ ಬಿಡದೆ ಮತ್ತೆ ಮತ್ತೆ ಲೋಟ ತುಂಬಿದಳು. ಕೆಂಪು ಟೊಪ್ಪಿಯ ಮುದುಕ ಕುಡಿದ ಲೋಟವನ್ನು ಹಿಮದಲ್ಲಿ ಉಜ್ಜಿ ವಾಪಸು ಕೊಟ್ಟು, "ಒಳ್ಳೆ ಮಗನ್ನ ಸಾಕಿದೀಯ," ಎಂದ.

"ನನ್ನ ಮಗ ಅಲ್ಲ," ಎಂದಳು ಬ್ರೆಡಾ.

ಮುದುಕ ಬೆಟ್ಟದ ಇನ್ನೊಂದು ಮೈಯಿಂದ ಇಳಿಯಲು ಹೊರಟ. ಇವರಿಬ್ಬರು ಹಿಂದಿನ ಕೊರಕಲಿನ ಕಡೆ ತಿರುಗಿದರು.

ಕೊರಕಲಿನಲ್ಲಿ ಒಬ್ಬರಾದ ಮೇಲೆ ಒಬ್ಬರು ಸ್ಕೀ ಮೇಲೆ ಜಾರಿ ಇಳಿಯಬೇಕು. ಮೊದಲಿನವರು ಕೆಳಗೆ ಭದ್ರ ಜಾಗ ಸೇರಿ ಸ್ಕೀ ಕೋಲೆತ್ತಿ ತೋರಿಸಿದ ಮೇಲೆಯೇ ಎರಡನೆಯವರು ಹೊರಡಬೇಕು. ಬ್ರೆಡಾ ಮೊದಲು ಇಳಿದಳು. ಹಿಮ ಸಕ್ಕರೆಯ ಹಾಗಿತ್ತು. ಅರ್ಧ ದಾರಿಯಲ್ಲಿ ಅವಳಿಗೆ ವಯಸ್ಸು ಮರೆತುಹೋಯಿತು. ಕೊರಕಲು ಅಗಲವಾಗುವಲ್ಲಿ ಒಂದು ದೊಡ್ಡ ಬಂಡೆ. ಅದರ ಮರೆಗೆ ಸರಿದು ನಿಂತು ಏದುಸಿರು ಬಿಡುತ್ತಾ ಮೇಲೆ ನೋಡಿದಳು. ಅಷ್ಟರಲ್ಲಿ ಮಂಜು ಇಳಿದು ಕೊರಕಲಿನ ಬಾಯಿ ಕಾಣದಾಗಿತ್ತು. ಕೋಲೆತ್ತಬೇಕೋ ಕಾಯಬೇಕೋ ಎಂದುಕೊಳ್ಳುವಷ್ಟರಲ್ಲಿ ಮೇಲೆಲ್ಲೋ ದಪ್ಪ ಹಾಸಿಗೆಯನ್ನು ಮಹಡಿಯಿಂದ ಎಸೆದಂಥ ಸದ್ದಾಯಿತು.

ಬೆಟ್ಟದ ಏಣಿನ ಮೇಲೆ ಸೂರಿನ ಹಾಗೆ ಚಾಚಿಕೊಂಡಿದ್ದ ಹಿಮ ಮುರಿದು ಬಿದ್ದಿತ್ತು. ಅದು ತನ್ನ ಕೆಳಗಿನದನ್ನೂ ಕರೆದುಕೊಂಡು ಬಂತು. ಬ್ರೆಡಾ ಬಂಡೆಗೆ ಮುಖ ಒತ್ತಿ ನಿಂತಳು. ಬೆನ್ನ ಹಿಂದೆ ಒಂದು ರೈಲು ಹೋಯಿತು. ಆಮೇಲೆ ಏನೂ ಇಲ್ಲ.

"ತಿಲೆನ್," ಎಂದು ಕೂಗಿದಳು. ಇನ್ನೊಮ್ಮೆ ಕೂಗಿದಳು. ಗಾಳಿ ಬೀಸುತ್ತಿತ್ತು. ಮಂಜು ಒಂದು ಗಳಿಗೆ ಸರಿದು ಕೊರಕಲಿನ ಬಾಯಿ ಕಂಡಿತು. ಅವನು ಅಲ್ಲಿರಲಿಲ್ಲ. ಅವನ ಹಳದಿ ಸ್ಕೀಗಳೂ ಇರಲಿಲ್ಲ. ಮತ್ತೆ ಮಂಜು ಮುಚ್ಚಿತು.

ಫೋನಿನಲ್ಲಿ ಸಿಗ್ನಲ್ ಇರಲಿಲ್ಲ. ಇದ್ದಿದ್ದರೂ ಹೆಲಿಕಾಪ್ಟರ್ ಈ ಮಂಜಿನಲ್ಲಿ ಬರುವುದಿಲ್ಲ. ಹಿಮದಡಿ ಸಿಕ್ಕಿದವನಿಗೆ ಕಾಲು ಗಂಟೆ ಇದೆ ಎಂದು ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದವಳಿಗೆ ಈಗ ಆ ಕಾಲು ಗಂಟೆ ಕೈಯಲ್ಲಿ ಹಿಡಿದ ಮಂಜುಗಡ್ಡೆಯ ಹಾಗಿತ್ತು. ತನ್ನ ಮರಕುಟಿಗವನ್ನು ಎದೆಯಿಂದ ಎಳೆದು 'ಹುಡುಕು'ವಿಗೆ ತಿರುಗಿಸಿ, ಸ್ಕೀ ಕಳಚಿ, ಕುಸಿದು ಬಂದ ಹೆಂಟೆಗಳ ಮೇಲೆ ಅಡ್ಡಡ್ಡ ಓಡಿದಳು. ಬರೀ ಗೀರುಸದ್ದು. ಮತ್ತೆ ಓಡಿದಳು. ನೇಜಾ ಕಾಲು ಚಾಚಿಕೊಂಡು ಕಿಟಕಿಯ ಹತ್ತಿರ ಕೂತಿರುತ್ತಾಳೆ. ಬಾಗಿಲು ತೆರೆದದ್ದೇ ತಲೆಯೆತ್ತಿ, ಅಮ್ಮನ ಹಿಂದೆ ಯಾರು ಬರುತ್ತಾರೆಂದು ನೋಡುತ್ತಾಳೆ.

ಟಕ್.

ಬ್ರೆಡಾ ನಿಂತಳು. ಮೂವತ್ತೆಂಟು, ಮೂವತ್ತೊಂದು, ಇಪ್ಪತ್ತು. ಅಂಕಿ ಇಳಿದಂತೆ ಕುಟುಕು ಜೋರಾಯಿತು. ಮೊಣಕಾಲೂರಿ ಪೆಟ್ಟಿಗೆಯನ್ನು ಹಿಮಕ್ಕೆ ತಾಗಿಸಿ ಹಿಡಿದಳು. ಎರಡು, ಒಂದು, ಒಂದು. ಮಡಚುವ ಸಲಾಕೆಯನ್ನು ಜೋಡಿಸಿ ಚುಚ್ಚಿದಳು. ನಾಲ್ಕನೆಯ ಸಲ ಏನೋ ಮೆತ್ತಗೆ ತಾಗಿತು. ಸಲಾಕೆಯನ್ನು ಅಲ್ಲೇ ಬಿಟ್ಟು ಸಲಿಕೆ ಹಿಡಿದಳು.

ಕುಸಿದ ಹಿಮ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ. ಅವಳು ತುಂಡು ತುಂಡಾಗಿ ಕಡಿದು ಹಿಂದಕ್ಕೆ ತಳ್ಳಿದಳು. ತಳ್ಳಿದ್ದು ಅಲ್ಲೇ ರಾಶಿಯಾಗಿ ಕಾಲಿಗೆ ಅಡ್ಡ ಬಂತು. ಎರಡು ಜನ ಬೇಕಾದ ಕೆಲಸ ಇದು. ಮುಂದಿನವರು ಅಗೆಯಬೇಕು, ಹಿಂದಿನವರು ಎಳೆದು ಹಾಕಬೇಕು. "ಅಣಕಿಸು," ಎಂದು ಹಿಮಕ್ಕೆ ಹೇಳಿದಳು. "ಎಷ್ಟು ಬೇಕಾದ್ರೂ ಅಣಕಿಸು, ಉಸಿರು ಮಾತ್ರ ಹಿಡ್ಕೊ." ಕಣ್ಣೀರೋ ಬೆವರೋ ಕನ್ನಡಕದ ಒಳಗೆ ಆವಿಯಾಗಿ ಏನೂ ಕಾಣಿಸುತ್ತಿರಲಿಲ್ಲ.

ಯಾವಾಗಲೋ ಕಾಲಿನ ಹತ್ತಿರದ ರಾಶಿ ಕರಗಿದ್ದು ಗೊತ್ತಾಯಿತು. ಹಿಂದೆ ಯಾರೋ ಬಂದು ಹಿಮವನ್ನು ಬಾಚಿ ಬಾಚಿ ಆಚೆಗೆ ತಳ್ಳುತ್ತಿದ್ದರು. ಕೆಂಪು ಟೊಪ್ಪಿಯವನಿಗೆ ಸದ್ದು ಕೇಳಿಸಿ ಮರಳಿ ಬಂದಿರಬೇಕು. ತಿರುಗಿ ನೋಡಲು ಅವಳಿಗೆ ಪುರುಸೊತ್ತಿರಲಿಲ್ಲ.

"ಯಾರು ಒಳಗಿರೋದು?" ಎಂದು ಹಿಂದಿನಿಂದ ಒಂದು ದನಿ ಕೇಳಿತು. ಉಸಿರಿಲ್ಲದ, ಹೆದರಿದ, ಎಂದೂ ಕೇಳಿರದ ದನಿ.

"ನಮ್ಮ ಹುಡುಗ," ಎಂದಳು ಬ್ರೆಡಾ. "ಮಾತಾಡ್ಬೇಡ, ಎಳಿ."

ಅವನು ಎಳೆದ. ಮುದುಕನಾದರೂ ಎತ್ತಿನ ಹಾಗೆ ದುಡಿಯುತ್ತಿದ್ದ. ಸಲಿಕೆಯಿಲ್ಲದೆ ಬರಿಗೈಯಲ್ಲಿ, ಮೊಣಕೈಯಲ್ಲಿ, ಕೊನೆಗೆ ಬಗ್ಗಿ ಎದೆಯಲ್ಲೇ ಹಿಮವನ್ನು ನೂಕುತ್ತಿದ್ದ.

ಸೊಂಟದಷ್ಟು ಆಳದಲ್ಲಿ ಒಂದು ನೀಲಿ ಪಟ್ಟಿ ಕಂಡಿತು. ಅದು ತಿಲೆನ್ನನ ಬೆನ್ನುಚೀಲ. ಪಟ್ಟಿಯ ಸುತ್ತ ಬೆರಳುಗಳಿಂದ ಕೆರೆದಳು. ಪಟ್ಟಿ ಇರುವಲ್ಲಿ ಭುಜ ಇರಬೇಕು, ಭುಜದ ಪಕ್ಕ ಮುಖ ಇರಬೇಕು, ಮೊದಲು ಬಾಯಿ ಬಿಡಿಸಬೇಕು. ಕೈ ಇಳಿಸಿದಳು. ಭುಜ ಇರಲಿಲ್ಲ. ಚೀಲವನ್ನು ಎಳೆದಳು. ಅದು ಸಲೀಸಾಗಿ, ಒಂಟಿಯಾಗಿ ಈಚೆಗೆ ಬಂತು. ಮೇಲಿನ ಜೇಬಿನ ಜಿಪ್ ತೆರೆದರೆ, ಹಪ್ಪಳದ ಹಾಗೆ ಸೆಟೆದ ಒದ್ದೆ ಬನಿಯನ್. ಅದರಡಿ ಪುಟ್ಟ ಹಸಿರು ದೀಪ ಮಿಟುಕಿಸುತ್ತಾ ಮರಕುಟಿಗ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು.

ಬ್ರೆಡಾ ಗುಂಡಿಯಲ್ಲಿ ಕುಸಿದು ಕೂತಳು.

"ಅವನ ಮೈಮೇಲಿಲ್ಲ ಇದು," ಎಂದಳು ಹಿಂದಿದ್ದವನಿಗೆ. "ನಾನೇ ಬಿಚ್ಚಿಸಿದೆ. ಶೀತ ಆಗುತ್ತೆ ಅಂತ ಬಿಚ್ಚಿಸಿದೆ. ಇನ್ನೆಲ್ಲಿ ಹುಡುಕ್ಲಿ, ಇಡೀ ಗುಡ್ಡ ಬಿದ್ದಿದೆ."

ಹಿಂದೆ ಹಿಮ ಬಾಚುವ ಸದ್ದು ನಿಂತಿತು.

"ಅದು ನನ್ನ ಚೀಲ," ಎಂದಿತು ಆ ದನಿ.

ಬ್ರೆಡಾ ಕನ್ನಡಕವನ್ನು ಹಣೆಗೇರಿಸಿ ತಿರುಗಿದಳು. ತಿಲೆನ್ ಮೊಣಕಾಲೂರಿ ಕೂತಿದ್ದ. ಟೊಪ್ಪಿಯಿಲ್ಲ, ಕೈಗವುಸಿಲ್ಲ, ಹುಬ್ಬಿನ ತುಂಬ ಹಿಮ, ಅಂಗೈಗಳು ಕುದಿಸಿದ ಬೀಟ್‌ರೂಟಿನ ಹಾಗೆ ಕೆಂಪು. ಎರಡು ವರ್ಷದಲ್ಲಿ ಅವನು ಸಾಸೇಜಾಗದೆ, ಬ್ಯಾಟರಿಯಾಗದೆ, ಬ್ರೆಡಾಳೇ ಆಗದೆ ಒಂದು ಮಾತಾದರೂ ಆಡಿದ್ದು ಅವಳಿಗೆ ನೆನಪಿರಲಿಲ್ಲ. ಅವನ ಸ್ವಂತ ದನಿ ಹೇಗಿದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

ಅವಳು ಬನಿಯನ್ನನ್ನು ಅವನ ಮುಖಕ್ಕೆ ಎಸೆದಳು. ಅದು ರಟ್ಟಿನ ಹಾಗೆ ಬಡಿದು ಕೆಳಗೆ ಬಿತ್ತು. ಆಮೇಲೆ ಅವನ ಕೊರಳಪಟ್ಟಿ ಎರಡೂ ಕೈಯಲ್ಲಿ ಹಿಡಿದು, ಬಿಡದೆ, ಅಲ್ಲಾಡಿಸದೆ, ಸುಮ್ಮನೆ ಹಿಡಿದುಕೊಂಡಳು.

"ಎಲ್ಲಿ ಸತ್ತಿದ್ದೆ?"

"ಉಚ್ಚೆ ಹೊಯ್ಯೋಕೆ ಹೋಗಿದ್ದೆ."

"ಆಗ?"

"ಇನ್ಯಾವಾಗ? ನೀನು ಕೋಲೆತ್ತೋ ತನಕ ಕಾಯ್ಬೇಕಲ್ಲ. ಲೀಟರ್‌ಗಟ್ಟಲೆ ಚಹಾ ಕುಡಿಸಿದ್ದೆ ನೀನು. ಸ್ಕೀ ನೆಟ್ಟು, ಅದಕ್ಕೆ ಚೀಲ ತಗುಲಿ ಹಾಕಿ, ಪಕ್ಕದಲ್ಲಿ ಹೆಪ್ಪುಗಟ್ಟಿದ ಜಲಪಾತ ಇದೆಯಲ್ಲ, ನಿಮ್ಮೂರ ಹುಡುಗರು ಕೊಡಲಿ ಕಚ್ಚಿಸ್ಕೊಂಡು ಹತ್ತೋದು, ಅದರ ಹಿಂದೆ ನಿಂತಿದ್ದೆ. ಜಿಪ್ ಹಾಕ್ತಾ ಇದ್ದೆ, ಬೆಟ್ಟ ಹೊರಟೋಯ್ತು. ಈಚೆ ಬಂದು ನೋಡಿದ್ರೆ ಸ್ಕೀನೂ ಇಲ್ಲ, ಚೀಲಾನೂ ಇಲ್ಲ. ಕೂಗ್ದೆ. ನಿನಗೆ ಕೇಳಿಸ್ಲಿಲ್ಲ. ಕೂತ್ಕೊಂಡು, ಜಾರ್ಕೊಂಡು ಬಂದೆ."

"ನಾನು ಅಗೀತಿರೋದು ನೋಡಿ ಏನಂದ್ಕೊಂಡೆ? ನಿಧಿ ಅಂತಲಾ?"

"ಕೆಂಪು ಟೊಪ್ಪಿ ತಾತ ಸಿಕ್ಕಿಬಿದ್ದಿದ್ದಾನೆ ಅಂದ್ಕೊಂಡೆ. ನೀನು 'ನಮ್ಮ ಹುಡುಗ' ಅಂದಾಗ ಒಂದು ಕ್ಷಣ ಅನುಮಾನ ಬಂತು. ಎಪ್ಪತ್ತು ವರ್ಷದವನನ್ನ ಹುಡುಗ ಅಂತಾಳಲ್ಲ, ಹಳೇ ಪರಿಚಯ ಏನೋ ಅಂತ." ಅವನ ಗದ್ದ ನಡುಗಿತು. ಚಳಿಗೆ ಎನ್ನುವ ಹಾಗೆ ಅದನ್ನು ಉಜ್ಜಿಕೊಂಡ. "ಆದ್ರೂ ಎಳೆದೆ."

ಬ್ರೆಡಾಳಿಗೆ ನಗು ಬಂತು. ಅದು ಹೊಟ್ಟೆಯಿಂದ ಹೊರಟು, ಗಂಟಲಲ್ಲಿ ದಾರಿ ತಪ್ಪಿ, ಮೂಗಿನಿಂದ ಈಚೆ ಬಂತು. ಅವನೂ ನಕ್ಕ. ಇಬ್ಬರೂ ಗುಂಡಿಯಲ್ಲಿ ಕೂತು, ಮೂಗು ಒರೆಸಿಕೊಳ್ಳುತ್ತಾ, ನಿಲ್ಲಿಸಲಾಗದೆ, ಒಬ್ಬರ ಮುಖ ಒಬ್ಬರು ನೋಡಿದಾಗಲೆಲ್ಲ ಮತ್ತೆ ಶುರುಮಾಡುತ್ತಾ ನಕ್ಕರು.

"ನೇಜಾಗೆ ಏನು ಹೇಳೋದು?" ಎಂದ ಅವನು ಕೊನೆಗೆ.

"ಸ್ಕೀ ಕಳೆದುಹೋಯ್ತು ಅಂತ ಮೊದಲು ಹೇಳು. ಅದಕ್ಕೆ ಬಯ್ದು ಸುಸ್ತಾಗ್ಲಿ. ಉಳಿದದ್ದು ಊಟ ಆದ್ಮೇಲೆ."

"ಊಟ ಆದ್ಮೇಲೆ ಒಂದು," ಎಂದ ತಿಲೆನ್. ಆದರೆ ಅಣಕಿಸಲಿಲ್ಲ, ಹಾಗೇ ತನ್ನ ದನಿಯಲ್ಲೇ ಅಂದ.

ಅವಳು ಎದ್ದಳು. ಅವನ ಜಾಕೆಟ್ ತಾನೇ ಬಿಚ್ಚಿ, ಮರಕುಟಿಗದ ಪಟ್ಟಿಯನ್ನು ಅವನ ಹೆಗಲಿಗೆ ಏರಿಸಿ, ಸೊಂಟಕ್ಕೆ ಬಿಗಿದು, ಕೊಕ್ಕೆ ಹಾಕಿ, ಸಾಲದೆಂದು ಇನ್ನೊಮ್ಮೆ ಎಳೆದು ನೋಡಿದಳು. ಅವನು ಕೈ ಅಗಲಿಸಿಕೊಂಡು, ದರ್ಜಿಯ ಮುಂದೆ ನಿಂತವನ ಹಾಗೆ ನಿಂತ. ತನ್ನಲ್ಲಿದ್ದ ಇನ್ನೊಂದು ಜೊತೆ ಕೈಗವುಸು ಕೊಟ್ಟಳು. ಅವು ಅವನ ಬೆರಳಿನ ಅರ್ಧಕ್ಕೇ ಬಂದವು. ಆಮೇಲೆ ಅವನನ್ನು ಬಂಡೆಯ ಹತ್ತಿರ ನಿಲ್ಲಿಸಿ, ಕುಸಿದ ಹಿಮದ ಆ ತುದಿಯವರೆಗೂ ಮರಕುಟಿಗ ಹಿಡಿದು ಒಂದು ಸುತ್ತು ಬಂದಳು. ಅಲ್ಲಿ ಬೇರೆ ಯಾರದೂ ಸದ್ದಿರಲಿಲ್ಲ. ಹಳದಿ ಸ್ಕೀಯೊಂದರ ಮೂತಿ ಮಾತ್ರ ಹೆಂಟೆಗಳ ನಡುವೆ ಕಾಣುತ್ತಿತ್ತು. ಅದನ್ನು ಕೀಳುವ ಗೋಜಿಗೆ ಇಬ್ಬರೂ ಹೋಗಲಿಲ್ಲ.

ಮಂಜು ತೆಳುವಾಗುತ್ತಿತ್ತು. ಬ್ರೆಡಾ ಸ್ಕೀಗಳನ್ನು ಅಡ್ಡ ಹಿಡಿದು, ಮೆಲ್ಲಗೆ ಜಾರಿಸುತ್ತಾ, ಹಿಮವನ್ನು ಒತ್ತಿ ದಾರಿ ಮಾಡುತ್ತಾ ಮುಂದೆ ಹೋದಳು. ತಿಲೆನ್ ಆ ಜಾಡಿನಲ್ಲಿ ಹೆಜ್ಜೆ ಊರುತ್ತಾ, ಆಗಾಗ ತೊಡೆಯವರೆಗೂ ಹೂತು, ಗೊಣಗಿ, ಕಾಲು ಕಿತ್ತುಕೊಳ್ಳುತ್ತಾ ಹಿಂದೆ ಬಂದ.

"ಬ್ರೆಡಾ, ನಿಂದು ಇನ್ನೂ ಹುಡುಕ್ತಾ ಇದೆ," ಎಂದ. "ಟಕ್ ಟಕ್ ಕೇಳಿಸ್ತಿದೆ. ವಾಪಸ್ ತಿರುಗಿಸ್ಬೇಕು ಅಂತ ನೀನೇ ಹೇಳಿದ್ದು."

"ತಿರುಗಿಸ್ತೀನಿ. ನಡಿ ನೀನು."

ಮೊದಲ ಮರಗಳು ಕಾಣಿಸಿದವು. ಅವಳ ಅಂಗೈಯ ಪೆಟ್ಟಿಗೆಯಲ್ಲಿ ಅಂಕಿ ನಾಲ್ಕು ಇತ್ತು. ಮೂರಾಯಿತು, ಮತ್ತೆ ನಾಲ್ಕು. ಆಮೇಲೆ ಐದು, ಆರು, ಒಂಬತ್ತು. ಅವನು ಬೂಟಿನ ಕೊಂಡಿ ಸರಿಮಾಡಿಕೊಳ್ಳಲು ಬಗ್ಗಿರಬೇಕು. ಬ್ರೆಡಾ ತಿರುಗಿ ನೋಡಲಿಲ್ಲ. ಕೋಲುಗಳನ್ನು ಊರಿ ನಿಂತು, ಅಂಕಿ ಇಳಿಯುವುದನ್ನು ಕಾದಳು. ಏಳು, ಐದು, ಮೂರು. ಎರಡಕ್ಕೆ ಬಂದ ಮೇಲೆ ಸ್ಕೀಗಳನ್ನು ಮೆಲ್ಲಗೆ ಮುಂದಕ್ಕೆ ಜಾರಲು ಬಿಟ್ಟಳು.