ಮೊಳೆಗೆ ತೂಗುಹಾಕಿದ ಬಿಲ್ಲೆ

ರಾಯಚೂರಿನ ಬಿಸಿಲಿಗೆ ಹೊರಗೆ ಯಾವುದು, ಒಳಗೆ ಯಾವುದು ಎಂಬ ಮರ್ಯಾದೆಯೇ ಇಲ್ಲ. ಮಾರ್ಚ್ ಬಂತೆಂದರೆ ಆಸ್ಪತ್ರೆಯ ರೇಡಿಯಂ ಕೋಣೆಯಲ್ಲಿ ಉಸಿರು ಕಟ್ಟುತ್ತಿತ್ತು. ಇದ್ದ ಒಂದು ಕಿಟಕಿಯನ್ನು ತೆರೆಯುವಂತಿಲ್ಲ, ಸೂಜಿಗೆ ಪೋಣಿಸುವ ದಾರ ಹಾರುತ್ತದೆಂದು ಫ್ಯಾನು ಹಾಕುವಂತಿಲ್ಲ. ಹಾಗಾಗಿ ಆಯಾ ಬಂಡೆಮ್ಮ ಹನ್ನೊಂದು ವರ್ಷದಿಂದ ಒಂದು ರೂಢಿ ಇಟ್ಟುಕೊಂಡಿದ್ದಳು. ಬಂದವಳೇ ಬಿಳಿ ಕೋಟು ಬಿಚ್ಚಿ ಪಡಸಾಲೆಯ ಮೊಳೆಗೆ ತೂಗುಹಾಕುವುದು, ಸೆರಗು ಸಿಕ್ಕಿಸಿ ಒಳಗೆ ಹೋಗುವುದು.

ದೇವದುರ್ಗ, ಮಾನ್ವಿ ಕಡೆಯಿಂದ ಗರ್ಭಕೋಶದ ಕ್ಯಾನ್ಸರ್ ಆದ ಹೆಂಗಸರು ಬರುತ್ತಿದ್ದರು. ದೊಡ್ಡ ಡಾಕ್ಟರು ಅವರ ಮೈಯೊಳಗೆ ರೇಡಿಯಂ ಸೂಜಿಗಳನ್ನು ಇಟ್ಟು, ಕೆಲವು ದಿನ ಬಿಟ್ಟು ತೆಗೆಯುತ್ತಿದ್ದರು. ತೆಗೆದ ಸೂಜಿ ತೊಳೆದು, ಅದರ ಕಣ್ಣಿಗೆ ಹೊಸ ರೇಷ್ಮೆ ದಾರ ಪೋಣಿಸಿ, ಸೀಸದ ಪೆಟ್ಟಿಗೆಗೆ ಸೇರಿಸುವುದು ಬಂಡೆಮ್ಮನ ಪಾಲು. ಉದ್ದನೆಯ ಚಿಮಟ ಕೊಟ್ಟಿದ್ದರು, ನಿಜ. ಆದರೆ ಚಿಮಟದಿಂದ ಸೂಜಿ ಜಾರಿ ಮೋರಿಗೆ ಬಿದ್ದರೆ ಆಸ್ಪತ್ರೆಯೇ ತಲೆಕೆಳಗಾಗುತ್ತದೆ. ಅದಕ್ಕೇ ಅವಳು ಎಡಗೈಯ ಹೆಬ್ಬೆರಳು, ತೋರುಬೆರಳಲ್ಲಿ ಸೂಜಿ ಹಿಡಿದು ಬಲಗೈಯಲ್ಲಿ ಪೋಣಿಸುತ್ತಿದ್ದಳು. ಇಷ್ಟು ನಾಜೂಕಿನ ಕೈ ಇನ್ನೊಂದಿಲ್ಲವೆಂದು ಎಲ್ಲರೂ ಹೊಗಳುತ್ತಿದ್ದರು. ಹೊಗಳುವುದಕ್ಕೇನು, ಬಾಯಿ ನೋಯುತ್ತದೆಯೇ?

ಕೋಟಿನ ಜೇಬಿನ ಮೇಲೆ ಪುಟ್ಟದೊಂದು ಬಿಲ್ಲೆ ಇತ್ತು. ಅದರೊಳಗಿನ ಫಿಲ್ಮು ತಿಂಗಳಿಗೊಮ್ಮೆ ಮುಂಬಯಿಗೆ ಹೋಗುತ್ತಿತ್ತು, ಅಲ್ಲಿಂದ ಕಾಗದ ಬರುತ್ತಿತ್ತು. ಬಂಡೆಮ್ಮ ಮಾತ್ರ ಅದನ್ನು ಕಚೇರಿಯ ಜವಾನನ ಎದೆಯ ಮೇಲಿರುವಂಥ ಬಿಲ್ಲೆ ಎಂದೇ ತಿಳಿದಿದ್ದಳು. ಸಾಹೇಬರು ಬಂದಾಗ ಕಾಣಿಸಬೇಕು, ಕೆಲಸದ ಹೊತ್ತಿನಲ್ಲಿ ಕೊಳೆಯಾಗಬಾರದು. ಹಬ್ಬ ಬಂದರೆ ಅದನ್ನು ಒರೆಸಿ ಕುಂಕುಮವನ್ನೂ ಹಚ್ಚುತ್ತಿದ್ದಳು.

ಎಪ್ಪತ್ತೆಂಟನೇ ಇಸವಿಯ ಹೊತ್ತಿಗೆ ಅವಳ ಬೆರಳುಗಳು ಸೋತಿದ್ದವು. ಉಗುರು ಕಪ್ಪಾಗಿ ಸೀಳಿತ್ತು. ರೊಟ್ಟಿ ಬಡಿಯುವಾಗ ಹಿಟ್ಟು ಬಿರುಕಿಗೆ ಸೇರಿ ಪ್ರಾಣ ಹೋಗುವಷ್ಟು ಉರಿ. ಅವಳಿಗೆ ಬೇರೇನೂ ಬೇಡವಾಗಿತ್ತು, ಹಾಸು-ಹೊದಿಕೆ ಮಡಿಸಿಡುವ ಬಟ್ಟೆ ಕೋಣೆಗೆ ಹಾಕಿದರೆ ಸಾಕಿತ್ತು. ಹೋಗಿ ದೊಡ್ಡ ಡಾಕ್ಟರನ್ನು ಕೇಳಿದಳು.

ಡಾಕ್ಟರು ಕೆಟ್ಟವರಲ್ಲ, ದಣಿದವರು. ಫೈಲು ತಿರುವಿ ಹೇಳಿದರು, "ಹನ್ನೊಂದು ವರ್ಷದ ಕಾಗದ ಅದಾವ ಬಂಡೆಮ್ಮ. ಒಂದರಾಗೂ ನಿನಗ ಕಿರಣ ತಾಗಿಲ್ಲ. ಒಗಿಯೋ ಸೋಡಾದಾಗ ಕೈ ಇಡತಿರಬೇಕು, ಮುಲಾಮು ಹಚ್ಚು."

ಹೊರಗೆ ಎಕ್ಸ್‌ರೇ ತೆಗೆಯುವ ಸೈಫುದ್ದೀನ್ ಸಿಕ್ಕ. ಬಿಲ್ಲೆಯ ಫಿಲ್ಮು ಬದಲಿಸಿ ಅಂಚೆಗೆ ಹಾಕುವವನು ಅವನೇ. ಅವಳ ಮಾತು ಕೇಳಿ ಮೊಳೆಯ ಕಡೆ ನೋಡಿದ, ತಲೆಯ ಮೇಲೆ ಕೈ ಹೊತ್ತ.

"ಯವ್ವಾ, ಅದು ಮೈಮ್ಯಾಲ ಇರಬೇಕಿತ್ತಲ್ಲ! ನಿನಗೆಷ್ಟು ತಾಗ್ಯದ ಅಂತ ಹೇಳೋದೇ ಅದು. ಇಷ್ಟು ವರ್ಷ ಮುಂಬಯಿಯವರು ಪಡಸಾಲಿ ಗ್ವಾಡಿ ಆರೋಗ್ಯ ನೋಡ್ಯಾರ."

"ನನಗ್ಯಾರು ಹೇಳಿದ್ರಪಾ?" ಎಂದಳು ಬಂಡೆಮ್ಮ. ತಾನೂ ಹೇಳಿರಲಿಲ್ಲವಲ್ಲ ಎಂದು ಸೈಫುದ್ದೀನನಿಗೆ ನಾಚಿಕೆಯಾಯಿತು.

ಮುಂದಿನ ತಿಂಗಳಿಡೀ ಅವಳು ಬಿಲ್ಲೆಯನ್ನು ಕುಪ್ಪಸಕ್ಕೇ ಸಿಕ್ಕಿಸಿಕೊಂಡು ಸೂಜಿ ಪೋಣಿಸಿದಳು. ಬೇಡವಾದ ಕೆಲಸವನ್ನೇ ಸಾಕ್ಷಿಗಾಗಿ ಇನ್ನೊಂದು ತಿಂಗಳು ಮಾಡುವುದಕ್ಕಿಂತ ದೊಡ್ಡ ದಣಿವು ಯಾವುದಿದೆ? ಫಿಲ್ಮು ಹೋಯಿತು. ಈ ಸಲ ಮುಂಬಯಿಯಿಂದ ಬಂದದ್ದು ಗಾಬರಿಯ ಪತ್ರ. ಕಿರಣ ಮಿತಿ ಮೀರಿದೆ, ಇದು ನಿಜವಾಗಿ ಕೆಲಸಗಾರಳಿಗೇ ತಾಗಿದ್ದೋ ಅಥವಾ ಬಿಲ್ಲೆಯನ್ನು ಎಲ್ಲಾದರೂ ರೇಡಿಯಂ ಬಳಿ ಬಿಟ್ಟಿದ್ದರೋ, ಕೂಡಲೇ ತಿಳಿಸಿ ಎಂದು.

ಡಾಕ್ಟರು ಉತ್ತರವನ್ನು ಮೊದಲೇ ಟೈಪು ಮಾಡಿಸಿಟ್ಟು ಅವಳನ್ನು ಕರೆಸಿದರು. ಸೈಫುದ್ದೀನ್ ಬಾಗಿಲಲ್ಲಿ ನಿಂತಿದ್ದ.

"ಹನ್ನೊಂದು ವರ್ಷ ಏನಿಲ್ಲ, ಒಂದ ತಿಂಗಳಿಗೆ ಇಷ್ಟು ಅಂದ್ರ ಹೆಂಗ? ಬಿಲ್ಲೇನ ರೇಡಿಯಂ ಪೆಟಿಗಿ ಮ್ಯಾಲ ಮರೆತಿರತಿ. ಹಂಗಂತ ಬರದೀನಿ. ಹೆಬ್ಬಟ್ಟು ಒತ್ತು," ಎಂದರು ಡಾಕ್ಟರು.

"ಮರೆತಿಲ್ರೀ ಸಾಹೇಬ್ರ. ಇಷ್ಟು ವರ್ಷ ಮೊಳಿಗಿತ್ತು, ಈ ತಿಂಗಳು ಮೈಮ್ಯಾಲೇ ಇತ್ತು."

"ಒತ್ತವಾ. ಇದು ಮುಂದಕ್ಕ ಬೆಳದ್ರ ಈ ರೇಡಿಯಂ ಕ್ವಾಣಿನೇ ಮುಚ್ಚತಾರ. ನಿಮ್ಮೂರು ಮಲ್ಲಟದ ಹೆಣ್ಮಕ್ಕಳು ಎಲ್ಲಿಗೆ ಹೋಗಬೇಕು?"

ಬಂಡೆಮ್ಮ ಅಂಥ ಹೆಂಗಸರ ಕಾಲು ಒತ್ತಿದ್ದಳು, ಅವರು ನಡೆದುಕೊಂಡು ಮನೆಗೆ ಹೋಗುವುದನ್ನೂ ನೋಡಿದ್ದಳು. ಸಾಕಾಗಿ ಹೋಯಿತು ಅವಳಿಗೆ. ಎಡಗೈ ಹೆಬ್ಬೆರಳನ್ನು ಶಾಯಿಯ ಪ್ಯಾಡಿಗೆ ಒತ್ತಿ ಕಾಗದದ ಮೇಲೆ ಊರಿದಳು.

ಬಿದ್ದದ್ದು ಒಂದು ಕರಿ ಮಚ್ಚೆ. ಅದರಲ್ಲಿ ಒಂದು ಗೆರೆಯೂ ಇರಲಿಲ್ಲ.

"ಹೊಳ್ಳಿ ಒತ್ತು," ಎಂದರು ಡಾಕ್ಟರು. ಒರೆಸಿ ಒತ್ತಿದಳು. ಮತ್ತೆ ಮಚ್ಚೆ. ಡಾಕ್ಟರು ತಾವೇ ಅವಳ ಬೆರಳು ಹಿಡಿದು, ಈ ಅಂಚಿನಿಂದ ಆ ಅಂಚಿಗೆ ಹೊರಳಿಸಿ ಒತ್ತಿದರು. ಆಗಲೂ ಅಷ್ಟೇ. ಫೈಲಿನ ತಳದಿಂದ ಅವಳು ಕೆಲಸಕ್ಕೆ ಸೇರಿದ ದಿನದ ಅರ್ಜಿ ಎಳೆದರು. ಅದರ ಮೇಲಿನ ಹೆಬ್ಬಟ್ಟಿನಲ್ಲಿ ಸುಳಿ ಸುಳಿಯಾಗಿ ಒಂದೊಂದು ಗೆರೆಯೂ ಎಣಿಸುವಷ್ಟು ಸ್ಪಷ್ಟವಾಗಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು.

ಆಮೇಲೆ ಟೈಪು ಮಾಡಿದ ಕಾಗದ ಹರಿದರು. ಬೇರೆ ಹಾಳೆ ತೆಗೆದು, ತಾಗಿದ್ದು ನಿಜ, ಅವಳಿಗೇ ತಾಗಿದ್ದು ಎಂದು ಕೈಯಿಂದ ಬರೆದರು.

"ನಾಳಿಂದ ಬಟ್ಟಿ ಕ್ವಾಣಿಗಿ ಹೋಗು," ಎಂದರು. ಧ್ವನಿ ಸಣ್ಣದಾಗಿತ್ತು.

ಬಂಡೆಮ್ಮನಿಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಹೋದ ಗೆರೆಗಳು ಬಟ್ಟೆ ಕೋಣೆಯಲ್ಲಿ ಸಿಗುವುದಿಲ್ಲ. ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದವಳು ಅಲ್ಲೇ ನಿಂತಳು. ಬಾಗಿಲ ಹಿಂದಿನ ಮೊಳೆಗೆ ಡಾಕ್ಟರ ಕೋಟು ತೂಗುತ್ತಿತ್ತು.

"ನಿಮ್ಮ ಬಿಲ್ಲೇನೂ ಇಲ್ಲೇ ಅದ ನೋಡ್ರಿ ಸಾಹೇಬ್ರ," ಎಂದಳು.

ಡಾಕ್ಟರು ಕೋಟನ್ನು ನೋಡಿದರು. ಆಮೇಲೆ ಶಾಯಿಯ ಪ್ಯಾಡನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು.