ಸೊಂಟಕ್ಕೆ ಬಿಗಿದ ಪಟಗಾ

ಗೋವಾದಲ್ಲಿ ಗಂಡಸು ಬಿದ್ದರೆ ಯಾಕೆ ಬಿದ್ದ ಎಂದು ಯಾರೂ ಕೇಳುವುದಿಲ್ಲ, ಯಾವ ಬಾರಿನಿಂದ ಬಂದ ಎಂದು ಕೇಳುತ್ತಾರೆ. ಉಸಗಾಂವದ ಕಂಠೆಪ್ಪ ಜನ್ಮದಲ್ಲಿ ಒಂದು ಹನಿ ಸೆರೆ ಮುಟ್ಟಿದವನಲ್ಲ. ಆದರೂ ಆ ವರ್ಷ ಅವನ ಕಾಲು ತೂರಾಡಿತು, ನಾಲಿಗೆ ತೊದಲಿತು, ಕೂತವನು ಎದ್ದರೆ ಕಣ್ಣಿಗೆ ಕತ್ತಲೆ ಕವಿದು ದೊಪ್ಪನೆ ಬೀಳತೊಡಗಿದ. ಕುಡುಕನಾಗಲು ಇನ್ನು ಕುಡಿಯುವುದೊಂದೇ ಬಾಕಿ. ಅದನ್ನು ಓಣಿಯವರು ತಾವೇ ಸೇರಿಸಿಕೊಂಡರು.

ಅವನು ಫೋಂಡಾದ ಸಿಮೆಂಟ್ ಗೋದಾಮಿನಲ್ಲಿ ಹಮಾಲ. ಚೀಲ ಹೊರುವಾಗ ಉಳಿದ ಹಮಾಲರಂತೆ ತಲೆಯ ಪಟಗಾ ಬಿಚ್ಚಿ ಸೊಂಟಕ್ಕೆ ಬಿಗಿಯುತ್ತಿದ್ದ. ಬಿಗಿದಿರುವ ತನಕ ಹೇಗೋ ನಿಲ್ಲುತ್ತಿದ್ದ. ಸಂಜೆ ಅದನ್ನು ಬಿಚ್ಚಿ, ಕೂತು ಚಹಾ ಕುಡಿದು ಎದ್ದನೋ, ಬಿದ್ದ. ಊರಿಗೆ ಊರೇ ಕುಡಿಯುವ ಹೊತ್ತೂ ಅದೇ ಆಗಿದ್ದು ಅವನ ಹಣೆಬರಹ. ಸಾಲದ್ದಕ್ಕೆ ಬೆವರುವುದೂ ನಿಂತುಹೋಗಿತ್ತು. ಬೆವರದ ಹಮಾಲನನ್ನು ಯಾವ ಮುಕಾದಮ ಸಹಿಸುತ್ತಾನೆ? ಕುಡುಕ, ಮೈಗಳ್ಳ ಎಂಬ ಎರಡೂ ಬಿರುದು ಕೊಟ್ಟು ಹೊರಗಟ್ಟಿದ. ಕುಡುಕನಲ್ಲವೆಂದು ದೊಡ್ಡ ಡಾಕ್ಟರು ಹೇಳಿದರೆ ಮರಳಿ ಕರೆದುಕೊಳ್ಳುತ್ತೇನೆ ಎಂದು ಕಂಠೆಪ್ಪನ ಹೆಂಡತಿ ಚಂದವ್ವನಿಗೆ ನಗುನಗುತ್ತಲೇ ಹೇಳಿದ.

ಚಂದವ್ವನಿಗೆ ಮೈಯೆಲ್ಲ ಉರಿಯಿತು. ಉರಿದದ್ದು ಮುಕಾದಮನ ಮೇಲಷ್ಟೇ ಅಲ್ಲ. ಗಂಡ ಮಲಗಿದ ಮೇಲೆ ತಾನೂ ಅವನ ಬಾಯಿ ಮೂಸಿ ನೋಡಿದ್ದಳು. ಆ ನಾಚಿಕೆ ಅವಳನ್ನು ಒಳಗೇ ಸುಡುತ್ತಿತ್ತು.

ಫೋಂಡಾದ ಡಾಕ್ಟರು ಕುರ್ಚಿಯಲ್ಲಿ ಕೂಡಿಸಿ ಬಿಪಿ ನೋಡಿದರು. ಕೂತ ಕಂಠೆಪ್ಪನಷ್ಟು ಆರೋಗ್ಯವಂತ ಇಡೀ ತಾಲೂಕಿನಲ್ಲಿ ಇರಲಿಲ್ಲ. ನಿಲ್ಲಿಸಿ ನೋಡುವಷ್ಟು ಪುರುಸೊತ್ತು ಯಾರಿಗಿತ್ತು? ಕಡೆಗೆ ಅವಳು ಹಟ ಹಿಡಿದು ಅವನನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ರೋಗಿಯನ್ನು ಮಲಗಿಸಿ, ಪಟ್ಟಿ ಕಟ್ಟಿ, ಮೆಲ್ಲಗೆ ನೆಟ್ಟಗೆ ನಿಲ್ಲಿಸುವ ಮಂಚವೊಂದಿತ್ತು. ದೊಡ್ಡ ಡಾಕ್ಟರು ಶಿಷ್ಯಬಳಗದೊಂದಿಗೆ ದಯಮಾಡಿಸಿದರು. ಮಂಚ ಏಳುತ್ತ ಹೋಯಿತು, ಕಂಠೆಪ್ಪನೂ ಎದ್ದ. ಬೀಳಲಿಲ್ಲ. ಬಿಪಿಯೂ ಅಲುಗಲಿಲ್ಲ. ದೊಡ್ಡ ಡಾಕ್ಟರು ಗಡಿಯಾರ ನೋಡಿಕೊಂಡು, ನರಗಳೆಲ್ಲ ಸರಿಯಾಗಿವೆ, ಸೆರೆ ಬಿಡಿಸಿ ಎಂದು ಹಿಂದಿಯಲ್ಲಿ ಬುದ್ಧಿ ಹೇಳಿದರು. ಚಂದವ್ವನ ಎದೆ ಒಡೆದುಹೋಯಿತು.

ಎದೆಗೆ ಅಂಟಿಸಿದ್ದ ಯಂತ್ರದ ತಂತಿ ತೆಗೆಯಲು ಬಂದ ಧಾರವಾಡದ ಕಡೆಯ ಡಾಕ್ಟರಮ್ಮ ಅಂಗಿಯ ಕೆಳಗೆ ಏನೋ ಗಟ್ಟಿಯಾಗಿದ್ದನ್ನು ಮುಟ್ಟಿ, ಇದೇನು ಎಂದರು.

"ಪಟಗಾ ರೀ ಅಕ್ಕಾರ. ದೊಡ್ಡವರ ಮುಂದ ಬಿದ್ದರ ಮರ್ಯಾದಿ ಹೊಕ್ಕೈತಂತ, ಮುಂಜಾನಿ ನಾನs ಜಗ್ಗಿ ಬಿಗದೇನಿ," ಎಂದಳು ಚಂದವ್ವ.

ಪಟಗಾ ಬಿಚ್ಚಿಸಿ ಮತ್ತೆ ಮಂಚ ಎತ್ತಿದರು. ಅರ್ಧಕ್ಕೇ ಬಿಪಿ ಪಾತಾಳಕ್ಕಿಳಿಯಿತು, ಕಂಠೆಪ್ಪನ ಕತ್ತು ವಾಲಿತು. ದೊಡ್ಡ ಡಾಕ್ಟರ ಮುಖ ಮದುವೆಮನೆಯಂತೆ ಅರಳಿತು. ಶಿಷ್ಯರು ಮೈಮೇಲೆ ಬಿದ್ದು ನೋಡಿದರು. ಇಂಥ ರೋಗಿ ಸಿಗುವುದೇ ಅಪರೂಪವಂತೆ! ಹಾಗಾದರೆ ಇವರು ಕುಡುಕರಲ್ಲವಷ್ಟೇ ಎಂದು ಚಂದವ್ವ ಕೇಳಿದಳು. ಖಂಡಿತ ಅಲ್ಲ ಎಂದರು. ಅವಳು ಕಣ್ಣೀರು ಒರೆಸಿಕೊಳ್ಳುತ್ತ ಕೆಳಗಿನ ಅಂಗಡಿಗೆ ಓಡಿ ಪೇಢೆ ತಂದು ಎಲ್ಲರ ಕೈಗೂ ಇಟ್ಟಳು. ದೊಡ್ಡ ಡಾಕ್ಟರು ಎರಡು ತಿಂದರು.

ಡಾಕ್ಟರಮ್ಮ ಮಾತ್ರ ಪೇಢೆಯನ್ನು ಕೈಯಲ್ಲೇ ಹಿಡಿದುಕೊಂಡಿದ್ದರು. ಅವಳನ್ನು ಪಕ್ಕಕ್ಕೆ ಕರೆದು ನಿಧಾನವಾಗಿ ತಿಳಿಸಿದರು: ನಾವು ಹೇಳದೆಯೇ ರಕ್ತವನ್ನು ತಲೆಗೇರಿಸುವ, ಬೆವರು ತರಿಸುವ ನರಗಳು ಒಣಗುತ್ತಿವೆ. ಮಾತ್ರೆಯಿಂದ ಒಂದಿಷ್ಟು ಹಗುರಾಗಬಹುದು, ವಾಸಿಯಾಗುವುದಿಲ್ಲ. ಹೋಗ್ತಾ ಹೋಗ್ತಾ ಹೆಚ್ಚುತ್ತದೆ. ರಕ್ತ ಕೆಳಗಿಳಿಯದಂತೆ ತಡೆಯುತ್ತಿದ್ದುದು ಆ ಬಿಗಿತವೇ. ಎದ್ದು ನಿಲ್ಲುವಾಗ ಸೊಂಟಕ್ಕೆ ಆ ಪಟಗಾ ಇರಲಿ, ಒಳ್ಳೆಯದೇ.

ಚಂದವ್ವ ಖಾಲಿ ಪೇಢೆ ಡಬ್ಬಿಯ ಮುಚ್ಚಳ ಮುಚ್ಚಿದಳು.

"ಕುಡಿತ ಆಗಿದ್ರ ಬಿಡಸಬಹುದಿತ್ತಲ್ಲರೀ, ಅಕ್ಕಾರ," ಎಂದಳು.

ಆಮೇಲೆ ಗಂಡನ ಬಳಿಗೆ ಹೋಗಿ, ಅಂಗಿ ಎತ್ತಿ, ಪಟಗಾದ ತುದಿಯನ್ನು ಅವನ ಕೈಗೆ ಕೊಟ್ಟು ಸುತ್ತತೊಡಗಿದಳು.